ಶಿಲುಬೆಯ ಅಕ್ಷರಗಳನ್ನು ಓದಿದ ಮಂಗಳೂರಿನ ನ್ಯಾಯಾಧೀಶ ಆರ್ಥರ್ ಬರ್ನೆಲ್

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಎಂದರೆ ಕರಾವಳಿಯ ನಮಗೆ ಅಡಿಕೆ ತೋಟ, ಕಾಫಿ, ಬಿಡದೆ ಸುರಿಯುವ ಮಳೆ ನೆನಪಾಗುತ್ತವೆ. ಆಗುಂಬೆ ಘಾಟಿ ಹತ್ತಿದರೆ, ಇಲ್ಲವೇ ಕಾರ್ಕಳ ದಾಟಿ ಕೆರೆಕಟ್ಟೆಯ ದಾರಿ ಹಿಡಿದರೆ ಸಿಗುವ ಈ ಮೂರು ತಾಲ್ಲೂಕುಗಳಲ್ಲಿ ನಮ್ಮವರು ಬಹಳ ಮಂದಿ ಇದ್ದಾರೆ. ಅತ್ತೂರಿನ ಸಂತ ಲಾರೆನ್ಸರ ಹಬ್ಬಕ್ಕೆ ಘಟ್ಟ ಇಳಿದು ಬರುವ ಕುಟುಂಬಗಳನ್ನು ನಾವು ಪ್ರತಿ ವರ್ಷ ನೋಡುತ್ತೇವೆ. ಕಾಫಿ ತೋಟಗಳ ಕೆಲಸಕ್ಕೆಂದು ಹೋಗಿ ಅಲ್ಲಿಯೇ ನೆಲೆನಿಂತ ಕೊಂಕಣಿ ಕಥೋಲಿಕರು ಒಂದು ಕಡೆ. 20ನೇ ಶತಮಾನದಲ್ಲಿ ಕೇರಳದಿಂದ ಬಂದು ಕಾಡಂಚಿನಲ್ಲಿ ರಬ್ಬರು, ಕಾಳುಮೆಣಸು ಬೆಳೆದ ಸಿರೋ-ಮಲಬಾರ್ ವಿಶ್ವಾಸಿಗಳು ಇನ್ನೊಂದು ಕಡೆ. ಲ್ಯಾಟಿನ್ ವಿಧಿಯವರಿಗೆ 1963ರಲ್ಲಿ ಸ್ಥಾಪನೆಯಾದ ಚಿಕ್ಕಮಗಳೂರು ಧರ್ಮಪ್ರಾಂತ್ಯವಿದೆ. ಸಿರೋ-ಮಲಬಾರ್ ವಿಧಿಯವರಿಗೆ 2007ರಲ್ಲಿ ಸ್ಥಾಪನೆಯಾದ ಭದ್ರಾವತಿ ಧರ್ಮಪ್ರಾಂತ್ಯವಿದೆ. ಒಂದೇ ಊರಿನ ಒಂದೇ ಬಸ್ ನಿಲ್ದಾಣದಲ್ಲಿ ಇಳಿಯುವ ಈ ಎರಡು ಬಳಗಗಳು ತಮ್ಮ ವಿಶ್ವಾಸದ ಇತಿಹಾಸವನ್ನು ಮಾತ್ರ ಬೇರೆ ಬೇರೆ ಕಡೆಯಿಂದ ಎಣಿಸುತ್ತವೆ.

ಕರಾವಳಿಯವರು ಗೋವಾದಿಂದ, ಪೋರ್ಚುಗೀಸರ ಕಾಲದಿಂದ, ಮಂಗಳೂರಿನ ರೊಜಾರಿಯೊ ಇಗರ್ಜಿಯ 1568ರಿಂದ ಲೆಕ್ಕ ಹಾಕುತ್ತೇವೆ. ಕೇರಳದಿಂದ ಬಂದವರು ಪ್ರೇಷಿತ ಸಂತ ತೋಮಸರಿಂದ ಲೆಕ್ಕ ಹಾಕುತ್ತಾರೆ. ಈ ಎರಡರ ನಡುವೆ ಸಾವಿರದೈನೂರು ವರ್ಷಗಳ ಅಂತರವಿದೆ. ಆ ದೀರ್ಘ ಕಾಲಕ್ಕೆ ಕೈಯಿಂದ ಮುಟ್ಟಿ ನೋಡಬಹುದಾದ ಸಾಕ್ಷಿ ಏನಾದರೂ ಇದೆಯೇ? ಇದೆ. ದಕ್ಷಿಣ ಭಾರತದ ಕೆಲವು ಹಳೆಯ ಇಗರ್ಜಿಗಳಲ್ಲಿ ಕಲ್ಲಿನ ಶಿಲುಬೆಗಳಿವೆ. ಅವುಗಳ ಸುತ್ತ ಒಂದು ವಿಚಿತ್ರ ಬರಹವಿದೆ. ಮುನ್ನೂರಕ್ಕೂ ಹೆಚ್ಚು ವರ್ಷ ಯಾರಿಗೂ ಸರಿಯಾಗಿ ಓದಲು ಬಾರದ ಆ ಬರಹ ಯಾವ ಲಿಪಿಯದು ಎಂದು ವಿದ್ವಾಂಸರ ಮುಂದಿಟ್ಟ ಪುಸ್ತಿಕೆ 1873ರಲ್ಲಿ ಅಚ್ಚಾದದ್ದು ರೋಮಿನಲ್ಲಿ ಅಲ್ಲ, ಲಂಡನ್ನಿನಲ್ಲಿ ಅಲ್ಲ, ನಮ್ಮ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ. ಬರೆದವರು ಧರ್ಮಗುರುವಲ್ಲ, ಮಿಶನರಿಯೂ ಅಲ್ಲ. ಮಂಗಳೂರಿನ ನ್ಯಾಯಾಲಯದಲ್ಲಿ ಕುಳಿತು ಜಮೀನಿನ ತಂಟೆ ತಕರಾರುಗಳನ್ನು ಇತ್ಯರ್ಥ ಮಾಡುತ್ತಿದ್ದ ಒಬ್ಬ ಇಂಗ್ಲಿಷ್ ನ್ಯಾಯಾಧೀಶರು. ಅವರ ಹೆಸರು ಆರ್ಥರ್ ಕೋಕ್ ಬರ್ನೆಲ್. ಅವರ ಬದುಕನ್ನು ನಮ್ಮ ಓದುಗರಿಗೆ ಪರಿಚಯಿಸುವುದು ಈ ಲೇಖನದ ಉದ್ದೇಶ.

ಬಾಲ್ಯ ಮತ್ತು ಭಾರತಕ್ಕೆ ಆಗಮನ

ಬರ್ನೆಲ್‌ರವರು 1840ರಲ್ಲಿ ಇಂಗ್ಲೆಂಡಿನ ಗ್ಲೌಸ್ಟರ್‌ಶೈರ್ ಪ್ರಾಂತ್ಯದ ಸೇಂಟ್ ಬ್ರಿಯಾವೆಲ್ಸ್ ಎಂಬ ಊರಿನಲ್ಲಿ ಜನಿಸಿದರು. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಓದಿದರು. ಕೋಪನ್‌ಹೇಗನ್ನಿನ ಪ್ರಸಿದ್ಧ ಪಾಳಿ ವಿದ್ವಾಂಸ ಫೌಸ್‌ಬೋಲ್‌ರವರ ಪರಿಚಯ ತರುಣ ಬರ್ನೆಲ್‌ರಲ್ಲಿ ಭಾರತೀಯ ಭಾಷೆಗಳ ಆಸೆ ಹುಟ್ಟಿಸಿತು. ಸಿವಿಲ್ ಸೇವೆಯ ಪರೀಕ್ಷೆ ಮುಗಿಸಿ 1860ರಲ್ಲಿ ಮದ್ರಾಸಿಗೆ ಬಂದಿಳಿದಾಗ ಅವರಿಗೆ ಕೇವಲ 20 ವರ್ಷ.

ಆ ಕಾಲದ ಇಂಗ್ಲಿಷ್ ಅಧಿಕಾರಿಗಳಲ್ಲಿ ಹೆಚ್ಚಿನವರಿಗೆ ಊರಿಂದೂರಿಗೆ ವರ್ಗಾವಣೆಯೆಂದರೆ ತಲೆನೋವು. ಬರ್ನೆಲ್‌ರವರಿಗೆ ಮಾತ್ರ ಅದು ಹೊಸ ಶಾಲೆ. ಮದ್ರಾಸ್ ಪ್ರಾಂತ್ಯದ ಬೇರೆ ಬೇರೆ ಜಿಲ್ಲೆಗಳಲ್ಲಿ ಕೆಲಸ ಮಾಡುತ್ತಾ ಹೋದಲ್ಲೆಲ್ಲ ಸ್ಥಳೀಯ ಭಾಷೆ ಕಲಿತರು, ಸಂಸ್ಕೃತವನ್ನು ಆಳವಾಗಿ ಅಭ್ಯಾಸ ಮಾಡಿದರು. ಹಳೆಯ ಓಲೆಗರಿಗಳನ್ನು ಕೊಂಡುಕೊಂಡರು, ಕೊಳ್ಳಲಾಗದವನ್ನು ನಕಲು ಮಾಡಿಸಿದರು. ಹೀಗೆ ಕೂಡಿಸಿದ ನೂರಾರು ಸಂಸ್ಕೃತ ಹಸ್ತಪ್ರತಿಗಳನ್ನು 1870ರಲ್ಲಿ ಲಂಡನ್ನಿನ ಇಂಡಿಯಾ ಆಫೀಸ್ ಗ್ರಂಥಾಲಯಕ್ಕೆ ಉಚಿತವಾಗಿ ಕೊಟ್ಟುಬಿಟ್ಟರು. ಆದರೆ ದೇಹ ಗಟ್ಟಿಯಾಗಿರಲಿಲ್ಲ. ನಮ್ಮ ಕಡೆಯ ಸೆಕೆ ಮತ್ತು ಹಗಲೂ ರಾತ್ರಿಯ ಓದು ಸೇರಿ ಅವರ ಆರೋಗ್ಯ ಚಿಕ್ಕ ವಯಸ್ಸಿನಲ್ಲಿಯೇ ಕೆಡತೊಡಗಿತು.

ಮಂಗಳೂರಿನ ವರ್ಷಗಳು

1870ರ ದಶಕದ ಮೊದಲ ವರ್ಷಗಳಲ್ಲಿ ಬರ್ನೆಲ್‌ರವರು ಮಂಗಳೂರಿನಲ್ಲಿ ನ್ಯಾಯಾಧೀಶರಾಗಿದ್ದರು. ಆಗ ಊರಿಗೆ ರೈಲು ಬಂದಿರಲಿಲ್ಲ. ಯೇಸು ಸಭೆಯ ಇಟಲಿಯ ಗುರುಗಳು ಇನ್ನೂ ಬಂದಿರಲಿಲ್ಲ, ಸಂತ ಅಲೋಶಿಯಸ್ ಕಾಲೇಜು ಆರಂಭವಾದದ್ದು 1880ರಲ್ಲಿ. ಆದರೆ ಊರಿನಲ್ಲಿ ಒಂದು ಅಪೂರ್ವ ವಸ್ತುವಿತ್ತು. ಅದೇ 1841ರಿಂದ ನಡೆಯುತ್ತಿದ್ದ ಬಾಸೆಲ್ ಮಿಶನ್ ಮುದ್ರಣಾಲಯ. ಕನ್ನಡ, ತುಳು, ಮಲಯಾಳಂ, ಸಂಸ್ಕೃತ, ಇಂಗ್ಲಿಷ್ ಎಲ್ಲವನ್ನೂ ಅಚ್ಚು ಹಾಕಬಲ್ಲ ಮೊಳೆಗಳೂ ಕೆಲಸಗಾರರೂ ಅಲ್ಲಿದ್ದರು. ಬರ್ನೆಲ್‌ರವರು ಈ ಮುದ್ರಣಾಲಯವನ್ನು ತಮ್ಮದೇ ವಿಶ್ವವಿದ್ಯಾಲಯದಂತೆ ಬಳಸಿಕೊಂಡರು. ಸಾಮವೇದಕ್ಕೆ ಸೇರಿದ ವಂಶಬ್ರಾಹ್ಮಣ (1873), ಆರ್ಷೇಯ ಬ್ರಾಹ್ಮಣ (1876), ಸಂಹಿತೋಪನಿಷದ್ ಬ್ರಾಹ್ಮಣ (1877) ಮುಂತಾದ ಗ್ರಂಥಗಳನ್ನು ಅವರು ಪರಿಷ್ಕರಿಸಿ ಮಂಗಳೂರಿನಿಂದಲೇ ಹೊರತಂದರು. ಬೇರೆ ಜಿಲ್ಲೆಗೆ ವರ್ಗವಾದ ಮೇಲೂ ಪುಸ್ತಕ ಅಚ್ಚು ಹಾಕಿಸಲು ಅವರು ಮಂಗಳೂರನ್ನು ಬಿಡಲಿಲ್ಲ.

ಮಹಾಗ್ರಂಥಗಳ ಜೊತೆಗೆ ಜನರ ಬಾಯಿಮಾತಿಗೂ ಅವರು ಬೆಲೆ ಕೊಟ್ಟರು. ದಕ್ಷಿಣ ಭಾರತದ ಆಡುಮಾತುಗಳ ಮಾದರಿಗಳೆಂದು ಮಂಗಳೂರಿನಲ್ಲಿ ಅಚ್ಚು ಹಾಕಿಸಿದ ಸಣ್ಣ ಪುಸ್ತಿಕೆಗಳ ಸಾಲಿನಲ್ಲಿ ಮೊದಲನೆಯದೇ ಕೊಂಕಣಿ, 1872ರಲ್ಲಿ. ತುಳುನಾಡಿನ ಭೂತಗಳ ಪಾಡ್ದನಗಳನ್ನು ಬರೆಸಿ ಸಂಗ್ರಹಿಸಿದರು. ಬಾಸೆಲ್ ಮಿಶನ್ನಿನ ಮೆನ್ನರ್‌ರವರು ಅನುವಾದದಲ್ಲಿ ನೆರವಾದರು. ಬರ್ನೆಲ್‌ರವರು ತೀರಿಕೊಂಡ ಬಹಳ ವರ್ಷಗಳ ಮೇಲೆ, 1894ರಿಂದ 1897ರವರೆಗೆ ಆ ಸಂಗ್ರಹವು ಇಂಡಿಯನ್ ಆಂಟಿಕ್ವರಿ ಪತ್ರಿಕೆಯಲ್ಲಿ ಕಂತು ಕಂತಾಗಿ ಪ್ರಕಟವಾಯಿತು. ಇಂದು ಪಾಡ್ದನಗಳ ಮೇಲೆ ಸಂಶೋಧನೆ ಮಾಡುವವರು ಈಗಲೂ ಅದನ್ನು ತೆರೆದು ನೋಡುತ್ತಾರೆ.

ಕಲ್ಲಿನ ಅಕ್ಷರಗಳಿಗೆ ಒಂದು ಬಾಲಪಾಠ

ಹಳೆಯ ಶಾಸನ ಎದುರಾದಾಗ ಮೊದಲ ಕಷ್ಟ ಅಕ್ಷರದ್ದು. ಇಂದಿನ ಕನ್ನಡ ಓದಬಲ್ಲವರು ಸಾವಿರ ವರ್ಷದ ಹಿಂದಿನ ಕನ್ನಡ ಕಲ್ಲಿನ ಮುಂದೆ ನಿಂತರೆ ಒಂದು ಸಾಲೂ ದಾಟದು. ಅಕ್ಷರದ ರೂಪ ಶತಮಾನದಿಂದ ಶತಮಾನಕ್ಕೆ ಬದಲಾಗುತ್ತದೆ. ಯಾವ ರೂಪ ಯಾವ ಕಾಲದ್ದು ಎಂದು ತಿಳಿದರೆ ಮಾತ್ರ ದಿನಾಂಕವಿಲ್ಲದ ಕಲ್ಲಿಗೂ ಕಾಲ ಹೇಳಬಹುದು. ಈ ವಿದ್ಯೆಗೆ ದಕ್ಷಿಣ ಭಾರತದಲ್ಲಿ ಒಂದು ಕ್ರಮಬದ್ಧ ಪಠ್ಯ ಆಗ ಇರಲಿಲ್ಲ. 4ನೇ ಶತಮಾನದಿಂದ 17ನೇ ಶತಮಾನದವರೆಗಿನ ದಕ್ಷಿಣ ಭಾರತದ ಲಿಪಿಗಳ ಬೆಳವಣಿಗೆಯನ್ನು ವಿವರಿಸುವ ಗ್ರಂಥವೊಂದನ್ನು ಬರ್ನೆಲ್‌ರವರು 1874ರಲ್ಲಿ ಮಂಗಳೂರಿನಿಂದ ಪ್ರಕಟಿಸಿದರು. ಅದಕ್ಕೆ ಜರ್ಮನಿಯ ಸ್ಟ್ರಾಸ್‌ಬುರ್ಗ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. 1878ರಲ್ಲಿ ಲಂಡನ್ನಿನಿಂದ ಅದರ ಎರಡನೆಯ ಮುದ್ರಣ ಹೊರಬಂತು.

ಇದು ಘಟ್ಟದ ಮೇಲಿನ ನಮ್ಮ ಊರುಗಳಿಗೂ ಸಂಬಂಧಪಟ್ಟ ಮಾತು. ಮೈಸೂರು ಸೀಮೆಯಲ್ಲಿ ಬಿ. ಎಲ್. ರೈಸ್‌ರವರು ಇಂಥ ಕೆಲಸವನ್ನೇ ಊರೂರು ಸುತ್ತಿ ಮಾಡಿದರು. ಅವರು ಬೆಂಗಳೂರಿನಲ್ಲಿ ಹುಟ್ಟಿದವರು, ಲಂಡನ್ ಮಿಶನ್ನಿನ ಮಿಶನರಿಯೊಬ್ಬರ ಮಗ. ಅವರ ಎಪಿಗ್ರಾಫಿಯಾ ಕರ್ನಾಟಿಕದ 6ನೇ ಸಂಪುಟ 1901ರಲ್ಲಿ ಹೊರಬಂತು. ಅಂದಿನ ಕಡೂರು ಜಿಲ್ಲೆಯ ಶಾಸನಗಳಿರುವ ಈ ಸಂಪುಟದಲ್ಲಿ ಕೊಪ್ಪ ಮತ್ತು ಶೃಂಗೇರಿಯ ಕಲ್ಲುಗಳೂ ತಾಮ್ರಪಟಗಳೂ ಸೇರಿವೆ. ಈಗಿನ ನರಸಿಂಹರಾಜಪುರಕ್ಕೆ ಆಗ ಎಡೇಹಳ್ಳಿ ಎಂದು ಹೆಸರು. ಆ ಬರಹಗಳು ಜೈನ ಬಸದಿಗಳ, ದೇವಸ್ಥಾನಗಳ, ಅಗ್ರಹಾರಗಳ, ಶೃಂಗೇರಿ ಮಠದ ದಾನದತ್ತಿಗಳ ಸುದ್ದಿ ಹೇಳುತ್ತವೆ. ವಿಜಯನಗರದ ಮೊದಲ ಅರಸರಾದ ಹರಿಹರ ಮತ್ತು ಅವನ ಸಹೋದರರು 1346ರಲ್ಲಿ ಶೃಂಗೇರಿಗೆ ಕೊಟ್ಟ ದಾನದ ಶಾಸನ ಅವುಗಳಲ್ಲಿ ಬಹಳ ಹೆಸರಾದದ್ದು. ನಮ್ಮ ನೆರೆಹೊರೆಯವರ ಈ ಇತಿಹಾಸ ಇಷ್ಟು ನಿಖರವಾಗಿ ನಮಗೆ ಗೊತ್ತಿರುವುದು ಯಾರೋ ಮಳೆಯಲ್ಲಿ ನೆನೆದ ಕಲ್ಲುಗಳ ಪಾಚಿ ಕೆರೆದು ಒಂದೊಂದೇ ಅಕ್ಷರ ಓದಿದ್ದರಿಂದ.

ಸಂತ ತೋಮಸರ ಬೆಟ್ಟದ ಕಲ್ಲು

ಈಗ ಶಿಲುಬೆಗಳ ವಿಷಯಕ್ಕೆ ಬರೋಣ. ಚೆನ್ನೈಯ ಸಂತ ತೋಮಸರ ಬೆಟ್ಟದ ಮೇಲೆ 1547ರಲ್ಲಿ ಪೋರ್ಚುಗೀಸರು ದೇವಾಲಯ ಕಟ್ಟಲು ಅಡಿಪಾಯ ತೋಡುವಾಗ ಹಳೆಯ ಕಟ್ಟಡದ ಅವಶೇಷಗಳ ನಡುವೆ ಒಂದು ಕಲ್ಲು ಸಿಕ್ಕಿತು. ಅದರ ಮೇಲೆ ಉಬ್ಬು ಕೆತ್ತನೆಯ ಶಿಲುಬೆ, ಶಿಲುಬೆಯ ಮೇಲುಗಡೆ ಕೆಳಮುಖವಾಗಿ ಇಳಿಯುವ ಪಾರಿವಾಳ, ಸುತ್ತಲೂ ಕಮಾನಿನ ಆಕಾರದಲ್ಲಿ ಒಂದು ಬರಹ. ಆ ಕಲ್ಲು ಇಂದೂ ಅಲ್ಲಿನ ಬಲಿಪೀಠದ ಹಿಂದೆ ಇದೆ. ನಮ್ಮ ಓದುಗರಲ್ಲಿ ಎಷ್ಟೋ ಮಂದಿ ಅದರ ಮುಂದೆ ಮೊಣಕಾಲೂರಿದ್ದಾರೆ.

ಬರಹ ಏನೆಂದು ತಿಳಿಯಲು ಪೋರ್ಚುಗೀಸರಿಗೆ ಆತುರ. ಸ್ಥಳೀಯ ಪಂಡಿತರೊಬ್ಬರನ್ನು ಕರೆಸಿ ಓದಿಸಿದರು. ಅವರು ಕೊಟ್ಟ ಅರ್ಥ ಬಹಳ ಉದ್ದವಾಗಿತ್ತು. ಕನ್ಯೆಯಿಂದ ದೇವರ ಜನನ, ಶಿಲುಬೆಯ ಮರಣ, ಪ್ರೇಷಿತನ ಆಗಮನ, ಎಲ್ಲವೂ ಅದರಲ್ಲಿತ್ತು. ಕೇಳಿದವರಿಗೆ ಸಂತೋಷವಾಯಿತು, ಅದು ಯುರೋಪಿನವರೆಗೂ ಹೋಯಿತು, ಪುಸ್ತಕಗಳಲ್ಲಿ ಸೇರಿತು. ಕಲ್ಲಿನ ಮೇಲಿರುವ ಕೆಲವೇ ಅಕ್ಷರಗಳಿಂದ ಇಷ್ಟು ದೊಡ್ಡ ಕಥೆ ಹೇಗೆ ಬಂತು ಎಂದು ಕೇಳುವವರು ಕಡಿಮೆ. ಕೇಳುವವರಿಗೆ ಏನು ಇಷ್ಟವೋ ಅದನ್ನು ಓದಿ ಹೇಳಿದ್ದರು, ಅಷ್ಟೆ.

ಕೇರಳದ ಕೊಟ್ಟಾಯಂನ ವಲಿಯಪಳ್ಳಿ ಎಂಬ ಹಳೆಯ ಇಗರ್ಜಿಯಲ್ಲಿ ಇಂಥದೇ ಎರಡು ಶಿಲುಬೆಗಳಿವೆ. ಒಂದರ ಬರಹ ಚೆನ್ನೈಯ ಬರಹವನ್ನೇ ಹೋಲುತ್ತದೆ. ಇನ್ನೊಂದು ಅದಕ್ಕಿಂತ ಈಚಿನದು. ಅದರಲ್ಲಿ ಸಂತ ಪೌಲರು ಗಲಾತ್ಯರಿಗೆ ಬರೆದ ಪತ್ರದಿಂದ ತೆಗೆದ ಒಂದು ಸಾಲು ಸುರಿಯಾನಿ ಭಾಷೆಯಲ್ಲಿಯೂ ಇದೆ. ಘಟ್ಟದ ಮೇಲಿನ ಮೂರು ತಾಲ್ಲೂಕುಗಳಿಗೆ ಕೇರಳದಿಂದ ಬಂದವರ ಹಿರಿಯರು ಪ್ರಾರ್ಥಿಸಿದ್ದು ಇಂಥ ಶಿಲುಬೆಗಳ ನಾಡಿನಲ್ಲಿ.

1873ರ ಪುಸ್ತಿಕೆ

ಬರ್ನೆಲ್‌ರವರು ಈ ಬರಹಗಳನ್ನು ಕಥೆಯ ಕಣ್ಣಿನಿಂದ ನೋಡಲಿಲ್ಲ, ಅಕ್ಷರದ ಕಣ್ಣಿನಿಂದ ನೋಡಿದರು. ಇದು ತಮಿಳೂ ಅಲ್ಲ, ಗ್ರಂಥವೂ ಅಲ್ಲ, ಸುರಿಯಾನಿಯೂ ಅಲ್ಲ, ಪಹ್ಲವಿ ಎಂದು ನಿರ್ಣಯಿಸಿದರು. ಪಹ್ಲವಿಯೆಂದರೆ ಇಸ್ಲಾಮಿಗೆ ಮುಂಚೆ ಪರ್ಷಿಯಾ ದೇಶವನ್ನಾಳಿದ ಸಸ್ಸಾನಿ ಅರಸರ ಕಾಲದ ಭಾಷೆ ಮತ್ತು ಲಿಪಿ. ದಕ್ಷಿಣ ಭಾರತದ ಪಹ್ಲವಿ ಶಾಸನಗಳ ಕುರಿತ ಅವರ ಪುಸ್ತಿಕೆ 1873ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಮರುವರ್ಷ ಇಂಡಿಯನ್ ಆಂಟಿಕ್ವರಿಯಲ್ಲಿಯೂ ಬಂತು. ಅಕ್ಷರಗಳ ರೂಪ ನೋಡಿ ಈ ಶಿಲುಬೆಗಳು 7 ಅಥವಾ 8ನೇ ಶತಮಾನದವು ಎಂದು ಅವರು ಅಂದಾಜು ಮಾಡಿದರು. ಅನಂತರ ಬಂದ ವಿದ್ವಾಂಸರೂ 6ರಿಂದ 9ನೇ ಶತಮಾನದ ಒಳಗೆಯೇ ಅವುಗಳನ್ನು ಇಡುತ್ತಾರೆ.

ಇದರಿಂದ ಏನಾಯಿತು? ಪೋರ್ಚುಗೀಸರು ಬರುವುದಕ್ಕೆ ಏಳೆಂಟು ನೂರು ವರ್ಷ ಮೊದಲೇ ದಕ್ಷಿಣ ಭಾರತದಲ್ಲಿ ಶಿಲುಬೆಯನ್ನು ಪೂಜಿಸುವ ಸಮುದಾಯಗಳಿದ್ದವು, ಅವುಗಳಿಗೆ ಪರ್ಷಿಯಾದ ಪೂರ್ವ ಧರ್ಮಸಭೆಯ ಜೊತೆ ಸಮುದ್ರದ ದಾರಿಯಲ್ಲಿ ಸಂಬಂಧವಿತ್ತು ಎಂಬುದು ಬಾಯಿಮಾತಿನಿಂದ ಕಲ್ಲಿನ ಮಾತಾಯಿತು. ಕೊಲ್ಲಂನ ಇಗರ್ಜಿಗೆ 849ರಲ್ಲಿ ಕೊಟ್ಟ ತಾಮ್ರಪಟದ ಕೊನೆಯಲ್ಲಿ ಸಾಕ್ಷಿಗಳು ಅರಬ್ಬಿ, ಪಹ್ಲವಿ, ಹೀಬ್ರೂ ಲಿಪಿಗಳಲ್ಲಿ ರುಜು ಹಾಕಿದ್ದಾರೆ. ಶಿಲುಬೆಗಳ ಪಹ್ಲವಿ ಮತ್ತು ತಾಮ್ರಪಟದ ಪಹ್ಲವಿ ಒಂದಕ್ಕೊಂದು ಸಾಕ್ಷಿಯಾಗಿ ನಿಂತವು. ಹಳೆಯ ಪಂಡಿತರ ದೊಡ್ಡ ಕಥೆ ಬಿದ್ದುಹೋಯಿತು. ಆದರೆ ವಿಶ್ವಾಸಕ್ಕೆ ಅದರಿಂದ ನಷ್ಟವಾಗಲಿಲ್ಲ. ಸುಳ್ಳು ಊರುಗೋಲು ಹೋಗಿ ನಿಜವಾದ ನೆಲ ಸಿಕ್ಕಿತು.

ಓದು ತಿದ್ದುತ್ತಾ ಹೋಯಿತು

ಲಿಪಿ ಯಾವುದೆಂದು ಬರ್ನೆಲ್‌ರವರು ಸರಿಯಾಗಿ ಹೇಳಿದರು. ಆದರೆ ಬರಹದ ಅರ್ಥ ಅವರಿಗೆ ಪೂರ್ತಿ ದಕ್ಕಲಿಲ್ಲ. ಪಹ್ಲವಿಯಲ್ಲಿ ಒಂದೇ ಅಕ್ಷರಕ್ಕೆ ಹಲವು ಉಚ್ಚಾರಗಳಿರುವುದರಿಂದ ಅದು ಪಂಡಿತರಿಗೂ ಕಬ್ಬಿಣದ ಕಡಲೆ. ಬರ್ನೆಲ್‌ರವರು ಅದರಲ್ಲಿ ಶಿಲುಬೆಯ ಯಾತನೆ ಮತ್ತು ಕ್ರಿಸ್ತನ ದೈವತ್ವದ ಕುರಿತಾದ ಒಂದು ಧರ್ಮಸಿದ್ಧಾಂತದ ವಾಕ್ಯವನ್ನು ಕಂಡರು. 1874ರಲ್ಲಿ ಜರ್ಮನಿಯ ಮಾರ್ಟಿನ್ ಹೌಗ್‌ರವರು ಬೇರೆ ಓದು ಕೊಟ್ಟರು. ಬಳಿಕ ವೆಸ್ಟ್ ಎಂಬ ಇಂಗ್ಲಿಷ್ ವಿದ್ವಾಂಸರು, 1920ರ ದಶಕದಲ್ಲಿ ಮುಂಬಯಿಯ ಪಾರ್ಸಿ ವಿದ್ವಾಂಸ ಜೀವನ್‌ಜಿ ಮೋದಿಯವರು ಪ್ರಯತ್ನಿಸಿದರು. 1929ರಲ್ಲಿ ಪ್ರಕಟವಾದ ಕೇಂಬ್ರಿಜ್‌ನ ವಿಂಕ್‌ವರ್ತ್‌ರವರ ಓದು ವಿಷಯವನ್ನೇ ತಿರುಗಿಸಿತು. ಅವರ ಪ್ರಕಾರ ಅದು ಸಿದ್ಧಾಂತವಲ್ಲ, ಪ್ರಾರ್ಥನೆ. ಶಿಲುಬೆಯನ್ನು ಕೆತ್ತಿದ ಒಬ್ಬ ಮನುಷ್ಯ ತನ್ನ ಹೆಸರು, ತನ್ನ ತಂದೆಯ ಹೆಸರು ಹೇಳಿ ಪ್ರಭು ಕ್ರಿಸ್ತನ ಕರುಣೆ ಬೇಡಿಕೊಂಡಿದ್ದಾನೆ. ಹೆಸರನ್ನು ಹೇಗೆ ಓದಬೇಕು ಎಂಬುದರಲ್ಲಿ ಅನಂತರದ ವಿದ್ವಾಂಸರ ನಡುವೆ ಭಿನ್ನಾಭಿಪ್ರಾಯವಿದ್ದರೂ ಇದು ಕರುಣೆ ಬೇಡುವ ಪ್ರಾರ್ಥನೆ ಎಂಬ ದಾರಿಯಲ್ಲಿಯೇ ಓದು ಮುಂದುವರಿದಿದೆ.

ಈ ಸಂಗತಿಯನ್ನು ನಾವು ಸ್ವಲ್ಪ ನಿಂತು ಯೋಚಿಸಬೇಕು. ದೊರೆಗಳು, ವೈಸರಾಯರು, ಪಂಡಿತರು ಎಲ್ಲರೂ ಆ ಕಲ್ಲಿನಲ್ಲಿ ದೊಡ್ಡ ದೊಡ್ಡ ವಿಷಯ ಹುಡುಕಿದರು. ಕಲ್ಲಿನಲ್ಲಿದ್ದದ್ದು ಒಬ್ಬ ಸಾಮಾನ್ಯ ವಿಶ್ವಾಸಿಯ ಬೇಡಿಕೆ. ನಮ್ಮ ಧರ್ಮಕೇಂದ್ರಗಳಲ್ಲಿ ತೀರಿಕೊಂಡವರ ನೆನಪಿಗೆ ಬೆಂಚು, ಗಂಟೆ, ಪ್ರತಿಮೆ ಕೊಟ್ಟು ಹೆಸರು ಬರೆಸುವವರ ಮನಸ್ಸಿಗೂ ಅವನ ಮನಸ್ಸಿಗೂ ಏನು ವ್ಯತ್ಯಾಸ? ಸಾವಿರದ ಇನ್ನೂರು ವರ್ಷಗಳ ಹಿಂದಿನ ಆ ಮನುಷ್ಯ ಇದ್ದಕ್ಕಿದ್ದಂತೆ ನಮ್ಮ ಬೆಂಚಿನಲ್ಲಿ ಪಕ್ಕದಲ್ಲಿ ಕುಳಿತಂತಾಗುತ್ತದೆ.

ಬರ್ನೆಲ್‌ರವರು ಎಡವಿದ್ದು ಇದೊಂದೇ ಕಡೆ ಅಲ್ಲ. ಹಳೆಯ ತಾಮ್ರಪಟವೊಂದರಲ್ಲಿ ಬರುವ ಮಣಿಗ್ರಾಮ ಎಂಬ ಶಬ್ದವನ್ನು ಹಿಡಿದು, ದಕ್ಷಿಣಕ್ಕೆ ಮೊದಲು ಬಂದವರು ನಿಜವಾದ ಕ್ರೈಸ್ತರಲ್ಲ, ಪರ್ಷಿಯಾದ ಮಾನಿ ಎಂಬವನ ಪಂಥದವರು ಎಂದು ವಾದಿಸಿದರು. ರಿಚರ್ಡ್ ಕಾಲಿನ್ಸ್ ಎಂಬ ಮಿಶನರಿ ಇದನ್ನು ಅದೇ ಪತ್ರಿಕೆಯಲ್ಲಿ ಖಂಡಿಸಿದರು. ಬರ್ನೆಲ್‌ರವರು ಅಲ್ಲಿಯೇ ಉತ್ತರ ಕೊಟ್ಟರು. ಮಣಿಗ್ರಾಮವೆಂದರೆ ವರ್ತಕರ ಸಂಘ ಎಂಬುದು ಇಂದು ಇತಿಹಾಸಕಾರರು ಒಪ್ಪಿದ ಮಾತು. ಆದ್ದರಿಂದ ಆ ವಾದ ನಿಲ್ಲಲಿಲ್ಲ. ಆದರೂ ಅವರ ಕೆಲಸ ವ್ಯರ್ಥವಾಗಲಿಲ್ಲ. ಕಲ್ಲಿನ ವಿವರ, ಅಕ್ಷರದ ರೂಪ, ತಮ್ಮ ಕಾರಣಗಳು, ಎಲ್ಲವನ್ನೂ ಅವರು ಬಿಚ್ಚಿ ಮುಂದಿಟ್ಟಿದ್ದರು. ಆದ್ದರಿಂದಲೇ ಬೇರೆಯವರು ತಿದ್ದಲು ಸಾಧ್ಯವಾಯಿತು.

ನಮ್ಮ ಕರಾವಳಿಯ ಪಾಲು

ಇಂಥ ಸಾಕ್ಷಿ ನಮ್ಮ ಕರಾವಳಿಯಲ್ಲಿ ಇಲ್ಲವೇ ಎಂದು ಓದುಗರು ಕೇಳಬಹುದು. 6ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಕಾಸ್ಮಾಸ್ ಎಂಬ ವರ್ತಕ ಬರೆದ ಗ್ರಂಥದಲ್ಲಿ ಮಲೆ ಎಂಬ ಕಾಳುಮೆಣಸಿನ ನಾಡಿನಲ್ಲಿ ಕ್ರೈಸ್ತರಿದ್ದಾರೆಂದೂ ಕಲ್ಲಿಯಾನ ಎಂಬ ಊರಿನಲ್ಲಿ ಪರ್ಷಿಯಾದಿಂದ ನೇಮಕವಾದ ಧರ್ಮಾಧ್ಯಕ್ಷರಿದ್ದಾರೆಂದೂ ಬರುತ್ತದೆ. ಈ ಕಲ್ಲಿಯಾನವೇ ಉಡುಪಿಯ ಹತ್ತಿರದ ಕಲ್ಯಾಣಪುರ ಎಂದು ಕೆಲವು ವಿದ್ವಾಂಸರು ಹೇಳಿದರು. ಮುಂಬಯಿಯ ಬಳಿಯ ಕಲ್ಯಾಣ ಎಂದು ಹೆಚ್ಚಿನವರು ಹೇಳುತ್ತಾರೆ. 2012ರಲ್ಲಿ ಸ್ಥಾಪನೆಯಾದ ಉಡುಪಿ ಧರ್ಮಪ್ರಾಂತ್ಯದ ಪ್ರಧಾನಾಲಯ ಈಗ ಅದೇ ಕಲ್ಯಾಣಪುರದ ಮಿಲಾಗ್ರಿಸ್‌ನಲ್ಲಿದೆ. 6ನೇ ಶತಮಾನದ ಧರ್ಮಾಧ್ಯಕ್ಷರು ಅಲ್ಲಿಯೇ ಇದ್ದರು ಎನ್ನಲು ನಮಗೆಲ್ಲ ಆಸೆಯೇ. ಆದರೆ ಹೆಸರಿನ ಹೋಲಿಕೆ ಬೇರೆ, ಕಲ್ಲಿನ ಸಾಕ್ಷಿ ಬೇರೆ. ಸಂತ ತೋಮಸರ ಬೆಟ್ಟದ ಪಂಡಿತರ ಕಥೆ ನಮಗೆ ಕಲಿಸುವ ಪಾಠ ಇದೇ.

ಹಾಗೆಂದು ಕೈಕಟ್ಟಿ ಕೂರಬೇಕಾಗಿಯೂ ಇಲ್ಲ. 2001ರಲ್ಲಿ ಗೋವಾದ ಜುವಾರಿ ನದಿಯ ದಂಡೆಯ ಆಗಶಿಯಲ್ಲಿ ಇಂಥದೇ ಒಂದು ಪಹ್ಲವಿ ಬರಹದ ಶಿಲುಬೆ ಬೆಳಕಿಗೆ ಬಂತು. ಅದನ್ನು ಗುರುತಿಸಿದವರು ಇತಿಹಾಸ ಓದಿಕೊಂಡ ಒಬ್ಬ ಗೋವಾದ ಧರ್ಮಗುರು. ನಮ್ಮ ಹಿರಿಯರು ಹೊರಟುಬಂದ ನೆಲದಲ್ಲಿಯೇ, ಪೋರ್ಚುಗೀಸರಿಗಿಂತ ಹಳೆಯದಾದ ಗುರುತು ಅಷ್ಟು ಕಾಲ ಎಲ್ಲರ ಕಣ್ಣೆದುರಿಗೇ ಇತ್ತು. ನೋಡುವ ಕಣ್ಣು ಬೇಕಿತ್ತು.

ಕೊನೆಯ ವರ್ಷಗಳು

ಮಂಗಳೂರಿನ ಬಳಿಕ ಬರ್ನೆಲ್‌ರವರು ತಂಜಾವೂರಿನಲ್ಲಿ ನ್ಯಾಯಾಧೀಶರಾದರು. ಅಲ್ಲಿನ ಅರಮನೆಯ ಸರಸ್ವತಿ ಮಹಲ್ ಗ್ರಂಥಭಂಡಾರದ ಸಂಸ್ಕೃತ ಹಸ್ತಪ್ರತಿಗಳನ್ನು ಒಂದೊಂದಾಗಿ ಬಿಚ್ಚಿ ನೋಡಿ ವರ್ಗೀಕರಿಸಿದ ಸೂಚಿಯನ್ನು ತಯಾರಿಸಿದರು. ಅದು 1880ರಲ್ಲಿ ಪೂರ್ಣವಾಯಿತು. ಶೃಂಗೇರಿಯ ವಿದ್ಯಾರಣ್ಯರ ಬಗ್ಗೆಯೂ ಅವರಿಗೆ ಕುತೂಹಲವಿತ್ತು. ವಂಶಬ್ರಾಹ್ಮಣದ ಮುನ್ನುಡಿಯಲ್ಲಿ ಮಾಧವ ಮತ್ತು ಸಾಯಣ ಒಬ್ಬರೇ ಎಂದು ವಾದಿಸಿದ್ದರು. ಅವರು ಅಣ್ಣತಮ್ಮಂದಿರೆಂದು ಅನಂತರ ಶಾಸನ ಮತ್ತು ಗ್ರಂಥಗಳ ಆಧಾರದಿಂದ ತಿಳಿದುಬಂತು. ನಮ್ಮ ಇತಿಹಾಸಕ್ಕೆ ಬೇಕಾದ ಇನ್ನೊಂದು ಕೆಲಸವನ್ನೂ ಅವರು ಮಾಡಿದರು. ಭಾರತದ ಪೋರ್ಚುಗೀಸರ ಇತಿಹಾಸಕ್ಕೆ ಸಂಬಂಧಿಸಿದ ಪುಸ್ತಕ ಮತ್ತು ಹಸ್ತಪ್ರತಿಗಳ ಪಟ್ಟಿಯನ್ನು 1880ರಲ್ಲಿ ಮಂಗಳೂರಿನಲ್ಲಿಯೇ ಅಚ್ಚು ಹಾಕಿಸಿದರು. ಗೋವಾದ ಮಹಾಧರ್ಮಾಧ್ಯಕ್ಷರ ಬಳಿ ಕೆಲಸಕ್ಕಿದ್ದ ಡಚ್ ಪ್ರವಾಸಿ ಲಿನ್ಸ್‌ಕೋಟೆನ್‌ನ ಪ್ರವಾಸ ಕಥನದ ಪರಿಷ್ಕರಣೆಯನ್ನೂ ಕೈಗೆತ್ತಿಕೊಂಡರು.

ಆದರೆ ದೇಹ ಸಹಕರಿಸಲಿಲ್ಲ. ಕಾಲರಾ ಬಂದು ಹೋಯಿತು, ಪಾರ್ಶ್ವವಾಯು ತಗುಲಿತು. ಕೆಲಸ ಬಿಟ್ಟು ಸ್ವದೇಶಕ್ಕೆ ಮರಳಿದರು. ಚಳಿಗಾಲವನ್ನು ಇಟಲಿಯ ಸಾನ್ ರೆಮೊದಲ್ಲಿ ಕಳೆದರು. 1882ರ ಅಕ್ಟೋಬರ್ 12ರಂದು ಇಂಗ್ಲೆಂಡಿನ ಹ್ಯಾಂಪ್‌ಶೈರ್ ಪ್ರಾಂತ್ಯದ ವೆಸ್ಟ್ ಸ್ಟ್ರಾಟನ್‌ನಲ್ಲಿ ತೀರಿಕೊಂಡರು. ವಯಸ್ಸು 42.

ಅರ್ಧಕ್ಕೆ ನಿಂತ ಅವರ ಕೆಲಸಗಳನ್ನು ಬೇರೆಯವರು ಮುಗಿಸಿದರು. ಮನುಸ್ಮೃತಿಯ ಅನುವಾದವನ್ನು ಹಾಪ್ಕಿನ್ಸ್‌ರವರು 1884ರಲ್ಲಿ ಹೊರತಂದರು. ಲಿನ್ಸ್‌ಕೋಟೆನ್‌ನ ಪ್ರವಾಸ ಕಥನ 1885ರಲ್ಲಿ ಬಂತು. ಹೆನ್ರಿ ಯೂಲ್‌ರವರ ಜೊತೆ 1872ರಿಂದ ಪತ್ರ ವ್ಯವಹಾರದಲ್ಲಿ ಬೆಳೆಸಿದ ನಿಘಂಟು ಹಾಬ್ಸನ್-ಜಾಬ್ಸನ್ ಎಂಬ ಹೆಸರಿನಲ್ಲಿ 1886ರಲ್ಲಿ ಪ್ರಕಟವಾಗಿ ಲೋಕಪ್ರಸಿದ್ಧವಾಯಿತು. ಆ ದೊಡ್ಡ ಹೆಸರಿನ ನೆರಳಿನಲ್ಲಿ ಮಂಗಳೂರಿನ ಸಣ್ಣ ಪುಸ್ತಿಕೆ ಮರೆತೇ ಹೋಯಿತು.

ನಮಗೆ ಉಳಿದ ಕೆಲಸ

ಈ ಬದುಕಿನಿಂದ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ನಮ್ಮ ವಿಶ್ವಾಸಿಗಳಿಗೂ ಕರಾವಳಿಯ ನಮಗೂ ಕೆಲಸಕ್ಕೆ ಬರುವ ಮಾತುಗಳಿವೆ.

ಮಲೆನಾಡಿನ ತೋಟಗಳಲ್ಲಿ ಗುಂಡಿ ತೆಗೆಯುವಾಗ, ಗದ್ದೆ ಸಮ ಮಾಡುವಾಗ ಹಳೆಯ ಅಡಿಪಾಯ, ವೀರಗಲ್ಲು, ಮಾಸ್ತಿ ಕಲ್ಲು, ಬರಹವಿರುವ ಚಪ್ಪಡಿ ಸಿಗುವುದು ಹೊಸತಲ್ಲ. ಕೂಡು ಗೆರೆ ಕಂಡ ಕೂಡಲೇ ಅದು ಶಿಲುಬೆ ಎಂದು ಊರಿಗೆಲ್ಲ ಸಾರುವುದು ಬೇಡ. ನಮ್ಮದಲ್ಲ ಎಂದು ಒಡೆದು ಕಟ್ಟೆಗೆ ಹಾಕುವುದಂತೂ ಬೇಡವೇ ಬೇಡ. ಅದು ಬಸದಿಯದೇ ಇರಲಿ, ದೇವಸ್ಥಾನದ್ದೇ ಇರಲಿ, ನಮ್ಮ ನೆರೆಯವರ ಹಿರಿಯರ ನೆನಪು. ಸಿಕ್ಕಿದ ಜಾಗದಲ್ಲಿಯೇ ಬಿಟ್ಟು, ಸುಣ್ಣ ಬಣ್ಣ ಬಳಿಯದೆ, ಉಳಿ ತಾಗಿಸದೆ, ಓರೆ ಬಿಸಿಲಿನಲ್ಲಿ ಒಂದು ಫೋಟೋ ತೆಗೆದು ರಾಜ್ಯದ ಪುರಾತತ್ವ ಇಲಾಖೆಗೆ ತಿಳಿಸಿದರೆ ಸಾಕು. ನೆಲದಲ್ಲಿ ಹೂತಿದ್ದ ಬೆಲೆಬಾಳುವ ವಸ್ತು ಸಿಕ್ಕಿದರೆ ಸರ್ಕಾರಕ್ಕೆ ತಿಳಿಸಲೇಬೇಕೆಂಬ ನಿಧಿ ಕಾಯ್ದೆ 1878ರಲ್ಲಿ, ಬರ್ನೆಲ್‌ರವರ ಕಾಲದಲ್ಲಿಯೇ ಆದದ್ದು.

ಎರಡನೆಯದು ನಮ್ಮದೇ ಇಗರ್ಜಿಗಳ ವಿಷಯ. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಿಂದ ಕೆನರಾದ ಕಥೋಲಿಕರು ಸೆರೆಯಾಗಿ ಘಟ್ಟದ ಮೇಲಕ್ಕೆ ಸಾಗಿದಾಗ ಇಲ್ಲಿನ ಹಲವು ಇಗರ್ಜಿಗಳು ನೆಲಸಮವಾದವು. ಆ ನಷ್ಟವನ್ನು ನಾವು ಪ್ರತಿ ಸಂದರ್ಭದಲ್ಲಿಯೂ ನೆನೆಯುತ್ತೇವೆ. ಆದರೆ ಹೊಸ ದೇವಾಲಯ ಕಟ್ಟುವ ಉತ್ಸಾಹದಲ್ಲಿ ನಾವೇ ಹಳೆಯ ಗೋರಿಕಲ್ಲುಗಳನ್ನು ಮಗುಚಿ ಮೆಟ್ಟಿಲು ಮಾಡಿದರೆ, ಹಳೆಯ ಬಲಿಪೀಠದ ಹಲಗೆಯನ್ನು ಸೌದೆಗೆ ಕೊಟ್ಟರೆ, ಗೆದ್ದಲು ಹಿಡಿದ ದೀಕ್ಷಾಸ್ನಾನದ ದಾಖಲೆ ಪುಸ್ತಕವನ್ನು ಸುಟ್ಟರೆ ಆ ನಷ್ಟಕ್ಕೆ ಯಾರನ್ನು ದೂರುವುದು? ಒಂದು ಗೋರಿಕಲ್ಲಿನ ಮೇಲಿನ ಹೆಸರು, ಒಂದು ಗಂಟೆಯ ಮೇಲಿನ ಇಸವಿ, ಒಂದು ಪುಸ್ತಕದ ಅಂಚಿನಲ್ಲಿ ಗುರುಗಳು ಬರೆದ ಒಂದು ಸಾಲು, ಇವೇ ಮುಂದಿನವರಿಗೆ ಪಹ್ಲವಿ ಶಾಸನ.

ಧರ್ಮಕೇಂದ್ರದ ಪಾಲನಾ ಮಂಡಳಿಗಳು, ಯುವಜನರ ಸಂಘಟನೆಗಳು, ಕ್ರೈಸ್ತ ಶಿಕ್ಷಣದ ಶಿಕ್ಷಕರು ಸೇರಿದರೆ ಇದು ಕಷ್ಟದ ಕೆಲಸವಲ್ಲ. ಒಂದು ಭಾನುವಾರ ಪೂಜೆಯ ಬಳಿಕ ಸಿಮಿತ್ರಿಯ ಹಳೆಯ ಕಲ್ಲುಗಳ ಬರಹವನ್ನು ಮಕ್ಕಳಿಂದ ನೋಟ್‌ಬುಕ್ಕಿನಲ್ಲಿ ಬರೆಸಬಹುದು. ಅಕ್ಷರ ಅರ್ಥವಾಗದಿದ್ದರೂ ಆಕಾರ ಇದ್ದಂತೆಯೇ ಬರೆದುಕೊಳ್ಳಲಿ. ತಿಳಿಯದ್ದನ್ನು ಊಹೆಯಿಂದ ತುಂಬುವುದು ಮಾತ್ರ ಬೇಡ. ಘಟ್ಟದ ಮೇಲೆ ಸಿರೋ-ಮಲಬಾರ್ ಮತ್ತು ಲ್ಯಾಟಿನ್ ವಿಧಿಯ ಎರಡು ಬಳಗಗಳೂ ಒಟ್ಟಿಗೆ ಕುಳಿತು ತಮ್ಮ ಹಿರಿಯರು ಯಾವ ಊರಿನಿಂದ, ಯಾವ ವರ್ಷ, ಯಾವ ದಾರಿಯಲ್ಲಿ ಬಂದರು ಎಂದು ಬರೆದಿಟ್ಟರೆ ಇನ್ನೂ ಒಳ್ಳೆಯದು. ಆ ಮೊದಲ ತಲೆಮಾರಿನವರು ಇನ್ನು ಹೆಚ್ಚು ಮಂದಿ ಉಳಿದಿಲ್ಲ.

ಸಂತ ತೋಮಸರ ಬೆಟ್ಟದ ಶಿಲ್ಪಿಯ ಪ್ರಾರ್ಥನೆ ಸರಿಯಾಗಿ ನಮ್ಮ ಕಿವಿಗೆ ಬೀಳಲು ಸಾವಿರಕ್ಕೂ ಹೆಚ್ಚು ವರ್ಷ ಹಿಡಿಯಿತು. ಅವನು ಕಲ್ಲಿನಲ್ಲಿ ಬರೆದದ್ದರಿಂದ, ಕಲ್ಲನ್ನು ಯಾರೂ ಒಡೆಯದೆ ಇದ್ದದ್ದರಿಂದ, ಮಂಗಳೂರಿನಲ್ಲಿ ಕಾಯಿಲೆಯ ನ್ಯಾಯಾಧೀಶರೊಬ್ಬರು ಅದರ ಅಕ್ಷರಕ್ಕೆ ಗೌರವ ಕೊಟ್ಟದ್ದರಿಂದ ಅದು ಬಿತ್ತು. ನಮ್ಮ ಹಿರಿಯರ ಪ್ರಾರ್ಥನೆಗಳು ನಮ್ಮ ಮೊಮ್ಮಕ್ಕಳ ಕಿವಿಗೆ ಬೀಳಬೇಕಾದರೆ ಕಾಯುವ ಕೆಲಸ ಈಗ ನಮ್ಮದು.